ಹೊರಸಿಗೊಂದು ಜಾಗ

ಮುದ್ದೇಬಿಹಾಳ
೧೨-೨-೨೦೨೫

ಮಗಳೇ ಸುರೇಖಾ, ನಿನಗೂ ಹೊಟ್ಟೆಯೊಳಗಿನ ಕೂಸಿಗೂ ಅವ್ವನ ಮುತ್ತು.

ಫೋನಿನಲ್ಲಿ ನನ್ನ ದನಿ ಒಡೆದರೆ ನೀನು ಹಿಡಿದುಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಚೊಚ್ಚಲ ಹೆರಿಗೆಗೆ ತವರಿಗೆ ಕರೆದೊಯ್ಯಲು ಅವ್ವ ಯಾಕೆ ಬಂದಿಲ್ಲ ಎಂದು ಇಂಡಿಯಲ್ಲಿ ನಿನ್ನತ್ತೆ ಚುಚ್ಚುತ್ತಿರಬೇಕು. ಮನೆಗೆ ಸುಣ್ಣ ಹಚ್ಚುತ್ತಿದ್ದೇನೆ ಎಂದಿದ್ದೆ. ಸುಳ್ಳು. ಸುಣ್ಣ ಹಚ್ಚಲು ಗೋಡೆಯೇ ಇಲ್ಲ. ದೀಪಾವಳಿ ಮುಗಿದ ವಾರವೇ ಜಾಗದ ಮಾಲೀಕ ಜೆಸಿಬಿ ತಂದ. ನೀನು ಆಡಿ ಬೆಳೆದ ಅಂಗಳ ಈಗ ಕಲ್ಲು ನೆಟ್ಟ ಪ್ಲಾಟು. ನಿನ್ನ ಕುಬಸಕ್ಕೆ ನಾನು ಅಲ್ಲಿಗೆ ಬಂದಾಗಲೂ ಹೇಳಲಿಲ್ಲ. ನಗುತ್ತಲೇ ನಿನ್ನ ಉಡಿ ತುಂಬಿದೆ.

ನಾನೂ ಪಕ್ಕದ ಮನೆಯ ಪೀರಬಿಯೂ ಬಾಡಿಗೆಗೆ ಓಣಿ ಓಣಿ ತಿರುಗಿದೆವು. ಎಲ್ಲರೂ ಮೊದಲು ಕೇಳಿದ್ದು, 'ನೀವು ಯಾವ ಮಂದಿ?' ಪೀರಬಿ ಅಂದಳು, 'ಮನಷ್ಯಾರ ಮಂದಿ ಅದೇವ್ರಿ. ಮನಿ ಖಾಲಿ ಐತೇನು?' ಬಾಗಿಲು ಮುಚ್ಚಿತು.

ಸೂರು ಕೇಳಿದ್ದಕ್ಕೆ ಪುರಸಭೆ ಆಫೀಸಿನವರು ಊರಾಚೆ ಬಸ್ಸಿಲ್ಲದ ಬಯಲು ತೋರಿಸಿದರು. ನಸುಕಿಗೇ ತೊಗರಿ ಹಸನು ಮಾಡಲು ಮಾರ್ಕೆಟ್ ಯಾರ್ಡಿಗೆ ಬರಬೇಕಾದವಳು ಅಲ್ಲಿ ಕೂತು ಏನು ತಿನ್ನಲಿ? ಊರಿಗೆ ನಮ್ಮ ಕೈ ಬೇಕು, ನಮ್ಮ ಒಲೆ ಬೇಡ. ದುಡಿಯುವ ಕಡೆ ಸೂರು ಕೊಡಲಿ. ಕೊಡುವ ತನಕ ಇದ್ದ ಸೂರು ಕೀಳಲು ಯಾರನ್ನೂ ಬಿಡದಿರಲಿ.

ಈಗ ಯಾರ್ಡಿನ ತಗಡಿನ ಕೆಳಗೆ ಮಲಗುತ್ತೇನೆ. ಜೆಸಿಬಿಯ ಬಾಯಿಂದ ಎಳೆದುಕೊಂಡದ್ದು ನುಲಿ ಹೆಣೆದ ಹೊರಸು ಒಂದೇ. ಸಿಂದಗಿಯ ತವರಿನಲ್ಲಿ ನಿನ್ನನ್ನು ಹಡೆದು ಮಲಗಿದ್ದು ಅದರ ಮೇಲೆ. ಕೆಳಗೆ ಕೆಂಡ ಇಟ್ಟು ನನ್ನ ಬೆನ್ನು ಕಾಸಿದ ಅವ್ವ, ನಾನು ತಿರುಗಿ ಬರುವಾಗ ಹೊರಸನ್ನೂ ಜೊತೆಗೆ ಕಳಿಸಿದ್ದಳು, ನಿನ್ನ ಬಾಣಂತನಕ್ಕೆಂದು. ನಿನ್ನ ಬೆನ್ನು ಕಾಸುವ ಆಸೆ, ಕೂಸಿನ ನೆತ್ತಿಗೆ ಎಣ್ಣೆ ಒತ್ತುವ ಆಸೆ. ಮಲಗುವಾಗ ಹೊರಸಿನ ಅರ್ಧ ನಿನಗೇ ಬಿಡುತ್ತೇನೆ.

ಆದರೂ ಬರಬೇಡ. ಅಲ್ಲೇ ಹಡೆ. ಅತ್ತೆ ಏನಂದರೂ ನುಂಗಿಕೋ.

ನಿನ್ನ ಅವ್ವ,
ಶಂಕ್ರೆವ್ವ

ತಾ.ಕ.: ಮೇಲಿನದು ನಿನ್ನೆ ಬರೆದದ್ದು. ಇವತ್ತು ಸೂರು ಕಳೆದುಕೊಂಡ ಹೆಂಗಸರೆಲ್ಲ ಸೇರಿ ನನ್ನ ಹೊರಸು ಹೊತ್ತು ಆಫೀಸಿನ ಬಾಗಿಲಲ್ಲಿ ಹಾಕಿದೆವು. ಸಾಹೇಬರು ಹೊರಬಂದು, 'ಇದನ್ಯಾಕ ತಂದೀ ಯವ್ವಾ?' ಅಂದರು. 'ಮಗಳು ಹಡ್ಯಾಕ ಬರಾಕತ್ತಾಳ್ರಿ. ಎಲ್ಲಿ ಹಾಕ್ಲಿ, ನೀವಽ ತೋರಸ್ರಿ' ಅಂದೆ. ಅವರಿನ್ನೂ ತೋರಿಸಿಲ್ಲ. ಹೊರಸು ಅಲ್ಲೇ ಇದೆ, ಅದರ ಕಾಲ ಬಳಿ ಪೀರಬಿ ಕೂತಿದ್ದಾಳೆ. ಇಷ್ಟು ಮಂದಿಯ ಎದುರು ನೀನು ಬರುತ್ತೀ ಎಂದ ಮೇಲೆ ನನ್ನ ಎದೆಯೂ ಅದನ್ನೇ ಹಟ ಹಿಡಿದಿದೆ. ಮೇಲಿನ 'ಬರಬೇಡ'ವನ್ನು ಹೊಡೆದುಹಾಕಿ ಓದು.