ಇಪ್ಪತ್ತಾರನೇ ಪುಟದ ಏಳನೇ ಸಾಲು

ಭಾನುವಾರ, ಹದಿನೇಳನೇ ತಾರೀಖು
ಬೆಳಗ್ಗೆ ಒಂಬತ್ತು ಹದಿನೆಂಟು, ಕೈಗಡಿಯಾರದ ಪ್ರಕಾರ

ಚಿನ್ನಿ,

ನಿನ್ನ ಲಕೋಟೆ ಬಂದು ಇವತ್ತಿಗೆ ಹನ್ನೆರಡು ದಿನ. ಒಳಗೆ ನಿನ್ನ ಪಿಎಚ್.ಡಿ. ಪ್ರಬಂಧದ ಎರಡನೇ ಅಧ್ಯಾಯ, ನಲವತ್ತೊಂದು ಪುಟ. ಮೇಲೆ ಪಿನ್ನು ಚುಚ್ಚಿದ ಒಪ್ಪಿಗೆಯ ಫಾರಂ. ನಾನು ಸಹಿ ಮಾಡಿ ಇಪ್ಪತ್ತರೊಳಗೆ ಮುಟ್ಟಿಸಬೇಕು, ಇಲ್ಲದಿದ್ದರೆ ನಮ್ಮ ಮನೆಯ ವಿಷಯವಿರುವ ಆರು ಪುಟ ತೆಗೆದುಹಾಕಬೇಕು, ತೆಗೆದರೆ ಅಧ್ಯಾಯಕ್ಕೆ ನಿಲ್ಲಲು ಕಾಲೇ ಇರುವುದಿಲ್ಲ ಎಂದು ಬರೆದಿದ್ದೀಯ. ಅರ್ಥವಾಯಿತು. ಆದರೆ ವಿತ್ ಡ್ಯೂ ರೆಸ್ಪೆಕ್ಟ್, ಮೊದಲು ನನ್ನದೊಂದಿಷ್ಟು ತಕರಾರು ಕೇಳಿಸಿಕೊ.

ನಿನ್ನ ಇಂಗ್ಲಿಷ್ ಕಷ್ಟ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದೆ. ನಾನೂ ಬಿ.ಎ.ಯಲ್ಲಿ ಪೊಲಿಟಿಕಲ್ ಸೈನ್ಸ್ ಓದಿದವನೇ ಅನ್ನುವುದು ನಿನಗೆ ನೆನಪಿದೆಯೋ ಇಲ್ಲವೋ. ನಮ್ಮ ಮೇಷ್ಟ್ರು ಪಾಠ ಮಾಡಿದ್ದು ಹೀಗೆ: ಆದಿಯಲ್ಲಿ ಎಲ್ಲರ ಕೈಯಲ್ಲೂ ದೊಣ್ಣೆ ಇತ್ತು, ಒಬ್ಬರನ್ನೊಬ್ಬರು ಬಡಿದು ಬಡಿದು ಸುಸ್ತಾಗಿ ದೊಣ್ಣೆಗಳನ್ನೆಲ್ಲ ಒಂದೇ ಕಡೆ ಒಪ್ಪಿಸಿದರು, ಅದಕ್ಕೆ ಸ್ಟೇಟ್ ಎಂದು ಹೆಸರು. ಇನ್ನು ಮುಂದೆ ಅದು ಹೊಡೆದರೆ ಲೆಜಿಟಿಮೇಟ್, ನಾವು ಹೊಡೆದರೆ ಅಲ್ಲ. ಐದು ಮಾರ್ಕಿನ ಪ್ರಶ್ನೆ, ನನಗೆ ಮೂರೂವರೆ ಬಂದಿತ್ತು. ನಿನ್ನ ಅಧ್ಯಾಯದಲ್ಲಿ ಇಷ್ಟೂ ಮೊದಲ ಮೂರೇ ಪುಟದಲ್ಲಿ ಮುಗಿದುಹೋಗಿದೆ. ಆಮೇಲಿನದೆಲ್ಲ ಕೈ ಇಲ್ಲದ ಹಿಂಸೆಯ ಮಾತು. ನಿಯಮದ ಹಿಂಸೆ, ಮೌನದ ಹಿಂಸೆ. ಸ್ಟ್ರಕ್ಚರಲ್ ವಯಲೆನ್ಸ್ ಎಂದರೆ ಕಟ್ಟಡ ಕುಸಿಯುವ ವಿಷಯವಿರಬೇಕೆಂದು ನಾನು ಎರಡು ದಿನ ಅಂದುಕೊಂಡಿದ್ದೆ. ನಗಬೇಡ.

ಒಂಬತ್ತು ನಲವತ್ತು. ಎದ್ದು ಹೋಗಿ ಬಚ್ಚಲಿನ ನಲ್ಲಿ ಬಿಗಿ ಮಾಡಿ ಬಂದೆ. ಅದು ಬಿಗಿಯಾಗಿಯೇ ಇತ್ತು.

ಇಪ್ಪತ್ಮೂರನೇ ಪುಟದಿಂದ ನಾನು ಬರುತ್ತೇನೆ. ‘ತಂದೆ, ಕಾರ್ಖಾನೆಯೊಂದರ ಟೈಮ್‌ಕೀಪರ್.’ ಸರಿ. ‘ಸಿಟ್ಟು ಬಂದಾಗ ಗೋಡೆಗಡಿಯಾರದ ಲೋಲಕವನ್ನು ಬೆರಳಿನಿಂದ ಹಿಡಿದು ನಿಲ್ಲಿಸುತ್ತಿದ್ದರು. ಮತ್ತೆ ಅವರೇ ಅದನ್ನು ತೂಗಿಬಿಡುವವರೆಗೆ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ.’ ಇಲ್ಲಿ ನನ್ನ ತಕರಾರು. ಮಾತಾಡಬೇಡಿ ಎಂದು ನಾನು ಯಾವತ್ತು ಹೇಳಿದ್ದೆ? ಒಂದು ದಿನ, ಒಂದು ಬಾರಿ ತೋರಿಸು. ನಾನು ಗಡಿಯಾರ ನಿಲ್ಲಿಸುತ್ತಿದ್ದೆ, ಅಷ್ಟೆ. ಸುಮ್ಮನಾಗುತ್ತಿದ್ದವರು ನೀವು. ಸದ್ದಾಗಬಾರದೆಂದು ನಿನ್ನ ಅಮ್ಮ ಲೋಟದ ಕೆಳಗೆ ಬಟ್ಟೆ ಹಾಸಿ ಇಡುತ್ತಿದ್ದಳು. ನೀನು ಪುಸ್ತಕದ ಹಾಳೆಯನ್ನೂ ಉಸಿರು ಬಿಗಿಹಿಡಿದು ತಿರುವುತ್ತಿದ್ದೆ. ನಾನೇನು ಹಾಗೆ ಮಾಡಿ ಅಂದಿದ್ದೆನೇ?

ಎರಡನೆಯದು, ಅಮ್ಮನಿಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಸಿಕ್ಕಾಗ ಗಡಿಯಾರ ಹನ್ನೊಂದು ದಿನ ನಿಂತಿತ್ತು ಎಂದಿದ್ದೀಯ. ತಪ್ಪು. ಒಂಬತ್ತು. ನಿನಗಾಗ ಎಂಟು ವರ್ಷ, ನಿನಗೆ ಹನ್ನೊಂದಾಗಿ ಕಂಡಿರಬಹುದು. ಏಳನೇ ದಿನ ಕೆಲಸಕ್ಕೆ ಸೇರಿಕೊಳ್ಳುವ ಕಡೆಯ ತಾರೀಖು ಕಳೆಯಿತು. ಆಮೇಲೆಯೂ ಎರಡು ದಿನ ನಿಲ್ಲಿಸಿಯೇ ಇಟ್ಟಿದ್ದೆ. ರಾತ್ರಿ ಪಾಳಿ ಬೀಳುತ್ತದೆ, ಮನೆ ಏನಾಗಬೇಕು ಎಂದು ನನ್ನ ವಾದ ಇತ್ತು. ಆ ವಾದವನ್ನು ನಾನು ಬಾಯಿಬಿಟ್ಟು ಮಾಡಲಿಲ್ಲ ಎನ್ನುವುದೂ ನಿಜ.

ಮೂರನೆಯದನ್ನು ಆಮೇಲೆ ಹೇಳುತ್ತೇನೆ.

ಹತ್ತೂ ಐದು. ಕಾಫಿ ಮಾಡಿಕೊಂಡೆ, ಕುಡಿಯಲಿಲ್ಲ.

ಈ ಹನ್ನೆರಡು ದಿನದಲ್ಲಿ ಪೈಲ್ವಾನ ಬಹಳ ನೆನಪಾದ. ನಿನಗೆ ಗೊತ್ತಿಲ್ಲ. ಬಾಯ್ಲರ್ ವಿಭಾಗದವನು, ಬಾಗಿಲಲ್ಲಿ ನಿಂತರೆ ಬೆಳಕು ಹೋಗುತ್ತಿತ್ತು. ಸೈರನ್ ನಿಂತು ಮೂರು ನಿಮಿಷಕ್ಕೆ ಗೇಟು ಹಾಕುವುದು ನಿಯಮ, ಹಾಕುತ್ತಿದ್ದವನು ನಾನು. ಒಂದು ಬೆಳಗ್ಗೆ ಅವನು ನಾಲ್ಕನೇ ನಿಮಿಷಕ್ಕೆ ಓಡಿಬಂದ. ಮಗುವಿಗೆ ಜ್ವರ, ಆಸ್ಪತ್ರೆಗೆ ಬಿಟ್ಟು ಬಂದೆ ಅಂದ. ನಾನು ಗಡಿಯಾರ ತೋರಿಸಿದೆ. ಅವನು ಮನಸ್ಸು ಮಾಡಿದ್ದರೆ ನನ್ನನ್ನು ಒಂದೇ ಕೈಯಲ್ಲಿ ಎತ್ತಿ ಕಾಂಪೌಂಡಿನ ಮೇಲೆ ಕೂರಿಸಿ ಒಳಗೆ ಹೋಗಬಹುದಿತ್ತು. ಹೋಗಲಿಲ್ಲ. ಕಂಬಿ ಹಿಡಿದು ನಿಂತು, ಮೆಲ್ಲಗೆ, ‘ಸಾರ್, ನಿಮಗೆ ಹೆದರ್ತಿಲ್ಲ ನಾನು, ತಿಳ್ಕೊಳ್ಳಿ’ ಅಂದ. ಅಂದು ನನ್ನ ಭುಜದ ಮೇಲಿಂದ ಹಿಂದಕ್ಕೆ ನೋಡಿದ.

ಹಿಂದೆ ಬೆಂಚಿನ ಮೇಲೆ ಇಬ್ಬರು ಕಾವಲುಗಾರರು ಕೂತಿರುತ್ತಿದ್ದರು, ಮೊಣಕಾಲಿನ ಮೇಲೆ ಲಾಠಿ ಅಡ್ಡ ಇಟ್ಟುಕೊಂಡು. ನನ್ನ ಹದಿನೆಂಟು ವರ್ಷದಲ್ಲಿ ಅವರು ಎದ್ದದ್ದನ್ನು ನಾನು ನೋಡಿಲ್ಲ. ನಾನು ಸೇರುವುದಕ್ಕೆ ಮುಂಚಿನ ವರ್ಷ, ಮುಷ್ಕರದ ದಿನ, ಒಂದು ಬಾರಿ ಎದ್ದಿದ್ದರಂತೆ. ಅಷ್ಟೇ ಸಾಕಾಗಿತ್ತು. ಗೇಟು ನಿಂತಿದ್ದು ನನ್ನ ನಿಯಮದ ಬಲದಿಂದಲ್ಲ, ಆ ಬೆಂಚಿನ ಬಲದಿಂದ. ಪೈಲ್ವಾನನಿಗೆ ಅದು ಗೊತ್ತಿತ್ತು. ಪೊಲಿಟಿಕಲ್ ಸೈನ್ಸ್ ಓದಿದ ನನಗೆ ಗೊತ್ತಿರಲಿಲ್ಲ.

ಆದ್ದರಿಂದ ನಿನ್ನ ಥಿಯರಿಯ ಬಗ್ಗೆ ನನ್ನದೊಂದು ಸಂಶಯ. ಕೈ ಇಲ್ಲದ ಹಿಂಸೆ ಬೇರೆ, ಕೈಯ ಹಿಂಸೆ ಬೇರೆ ಎಂದು ನೀನು ನಡುವೆ ಗೆರೆ ಎಳೆದಿದ್ದೀಯ. ಇರಬಹುದು, ನೀನು ಓದಿದವಳು. ಆದರೆ ಎಲ್ಲಿ ಒಂದು ಬೆರಳು ಎತ್ತಿದರೆ ಇಡೀ ಮನೆ ಸುಮ್ಮನಾಗುತ್ತದೋ ಅಲ್ಲಿ ಹಿಂದಿನ ಬೆಂಚಿನ ಮೇಲೆ ಯಾರಾದರೂ ಕೂತಿದ್ದಾರೆಯೇ ಎಂದು ಒಮ್ಮೆ ಬಗ್ಗಿ ನೋಡಬೇಕು. ನಿನ್ನ ಗೈಡ್ ಒಪ್ಪುತ್ತಾರೋ ಇಲ್ಲವೋ ಕೇಳು.

ಹತ್ತು ಮೂವತ್ತೈದು. ಮಲಗುವ ಕೋಣೆಗೆ ಹೋಗಿ ಬೀರುವಿನ ಮುಂದೆ ನಿಂತು ಬಂದೆ. ನೀನು ಬಾಗಿಲಿನ ಮೂಲೆಗೆ ಕಟ್ಟಿದ ಹಳೇ ಬಟ್ಟೆ ಇನ್ನೂ ಅಲ್ಲೇ ಇದೆ. ಅಮ್ಮನ ಹುಬ್ಬಿಗೆ ಆ ಮೂಲೆ ತಗುಲಿ ಗಾಯವಾಯಿತೆಂದು, ಮತ್ತೆ ತಗುಲದಿರಲೆಂದು ಎಂಟು ವರ್ಷದ ನೀನು ಏಳು ಗಂಟು ಹಾಕಿದ್ದೆ. ಬಟ್ಟೆ ಬಣ್ಣಗೆಟ್ಟಿದೆ, ಗಂಟು ಮಾತ್ರ ಸಡಿಲವಾಗಿಲ್ಲ. ನಿನ್ನ ಅಧ್ಯಾಯದಲ್ಲಿ ಅದನ್ನೂ ಬರೆದಿದ್ದೀಯ: ಅಮ್ಮನ ಹಣೆಯ ಗಾಯದಲ್ಲಿ ರಕ್ತ ಇನ್ನೂ ಒಸರುತ್ತಿದ್ದಾಗಲೂ ತಂದೆ ತುಟಿ ಬಿಚ್ಚಲಿಲ್ಲ, ಏಕೆಂದರೆ ಗಡಿಯಾರ ನಿಂತಿತ್ತು, ಎಂದು.

ನೀನು ಫೋನು ಮಾಡಿದ್ದೆಲ್ಲ ನನಗೆ ಗೊತ್ತು. ಮುಂದೆ ಕೂತು ಅದು ಬಡಿದುಕೊಳ್ಳುವುದನ್ನು ನೋಡುತ್ತಿದ್ದೆ. ನೀನು ಅದರಲ್ಲಿ ರೆಕಾರ್ಡ್ ಮಾಡಿ ಬಿಟ್ಟ ಮಾತನ್ನು ನಿನ್ನೆ ಕೇಳಿದೆ. ‘ಅಪ್ಪ, ಸಹಿ ಹಾಕದಿದ್ರೆ ಪರವಾಗಿಲ್ಲ, ಆರು ಪುಟ ತೆಗೀತೀನಿ. ಆದ್ರೆ ಹೀಗೆ ಸುಮ್ನಿರಬೇಡಿ. ನಂಗೀಗ ಮೂವತ್ತಾರು. ಒಬ್ಬಳೇ ಇರೋ ಮನೇಲೂ ಲೋಟ ಮೆತ್ತಗೆ ಇಡ್ತಿದೀನಿ.’

ಅದನ್ನು ನಾಲ್ಕು ಸಲ ಕೇಳಿದೆ. ನಾಲ್ಕನೇ ಸಲ ತಲೆ ಎತ್ತಿ ಗೋಡೆ ನೋಡಿದೆ. ನಿನ್ನ ಲಕೋಟೆ ಓದಿದ ದಿನವೇ ಹೋಗಿ ಲೋಲಕ ಹಿಡಿದು ನಿಲ್ಲಿಸಿದ್ದೆ, ಚಿನ್ನಿ. ನೋಡುವವರು ಯಾರೂ ಇಲ್ಲದ ಮನೆಯಲ್ಲಿ. ಅಮ್ಮ ತೀರಿಹೋಗಿ ಆರು ವರ್ಷವಾಯಿತು. ಯಾರನ್ನು ಸುಮ್ಮನಿರಿಸಲು ಎಂದು ಕೇಳಿದರೆ ನಗು ಬರಬೇಕು. ನಗು ಬರಲಿಲ್ಲ.

ಈಗ ಮೂರನೆಯ ತಕರಾರು. ಇಪ್ಪತ್ತಾರನೇ ಪುಟ, ಏಳನೇ ಸಾಲು: ‘ಈ ಮನೆಯಲ್ಲಿ ಯಾರೂ ಯಾರ ಮೇಲೂ ಎಂದೂ ಕೈ ಮಾಡಲಿಲ್ಲ.’ ಇಡೀ ಅಧ್ಯಾಯವನ್ನು ಆ ಸಾಲಿನ ಮೇಲೆ ನಿಲ್ಲಿಸಿದ್ದೀಯ. ಮೊದಲ ಸಲ ಓದಿದಾಗ, ನಿಜ ಹೇಳುತ್ತೇನೆ, ಸಮಾಧಾನವಾಯಿತು. ಮಗಳು ನನಗೊಂದು ಸರ್ಟಿಫಿಕೇಟ್ ಕೊಟ್ಟಳು ಅನ್ನಿಸಿತು. ಅದಾದ ಮೇಲೆ ನೆಟ್ಟಗೆ ನಿದ್ದೆ ಮಾಡಿಲ್ಲ.

ಫಾರಮ್ಮಿಗೆ ಸಹಿ ಹಾಕಿದ್ದೇನೆ. ಆರು ಪುಟವೂ ಇರಲಿ, ಟೈಮ್‌ಕೀಪರ್ ಅನ್ನುವುದೂ ಇರಲಿ. ಬೇಕಾದರೆ ಹನ್ನೊಂದು ದಿನವೇ ಇರಲಿ. ಏಳನೇ ಸಾಲನ್ನು ಮಾತ್ರ ಕೆಂಪು ಮಸಿಯಲ್ಲಿ ಹೊಡೆದುಹಾಕಿದ್ದೇನೆ. ಅದಿದ್ದರೆ ನನ್ನ ಒಪ್ಪಿಗೆಯಿಲ್ಲ. ಕಾರಣ ಕೆಳಗೆ ಬರೆಯುತ್ತೇನೆ. ಅದನ್ನು ಓದಿದ ಮೇಲೆ ನನಗೆ ಫೋನು ಮಾಡುವುದು ಬಿಡುವುದು ನಿನಗೆ ಬಿಟ್ಟದ್ದು. ಮಾಡಿದರೆ ಮೊದಲ ರಿಂಗಿಗೇ ಎತ್ತುತ್ತೇನೆ.

ಯುವರ್ಸ್ ಫೇತ್‌ಫುಲಿ ಎಂದು ಬರೆಯಲು ಹೊರಟಿದ್ದೆ. ಕೈ ತಡೆಯಿತು.

ನಿನ್ನ
ಅಪ್ಪ

ಮರೆತು ಕಡೆಗೆ ಸೇರಿಸುತ್ತಿರುವುದಲ್ಲ: ಗಡಿಯಾರ ನಿಂತ ಆ ಒಂಬತ್ತರಲ್ಲಿ ಐದನೇ ದಿನ, ನೀನು ಶಾಲೆಗೆ ಹೋಗಿದ್ದೆ. ಮಧ್ಯಾಹ್ನ ಊಟಕ್ಕೆ ಬರುವಾಗ ಬೀದಿಯಲ್ಲೇ ಗಡಿಯಾರದ ಸದ್ದು ಕೇಳಿಸಿತು. ಅಮ್ಮ ಕೀಲಿ ಕೊಟ್ಟು ತೂಗಿಬಿಟ್ಟಿದ್ದಳು. ‘ನಾಳೆ ಡ್ಯೂಟಿಗೆ ಹೋಗ್ತೀನಿ ಕಣ್ರೀ, ಗಡಿಯಾರ ನಿಮ್ಮೊಬ್ಬರದೇ ಅಲ್ಲ’ ಅಂದಳು. ಅವಳ ಕೈಯಿಂದ ಕೀಲಿಕೈ ಕಿತ್ತುಕೊಂಡೆ. ಅದನ್ನು ಮುಷ್ಟಿಯಲ್ಲಿ ಹಿಡಿದೇ ಹೊಡೆದೆ. ಒಂದೇ ಏಟು, ಎಡ ಹುಬ್ಬಿನ ಮೇಲೆ. ಅವಳು ಅಳಲಿಲ್ಲ. ಒಂದು ಕೈಯಲ್ಲಿ ಹಣೆ ಒತ್ತಿಹಿಡಿದು, ಇನ್ನೊಂದು ಕೈ ಚಾಚಿ ತಾನೇ ಲೋಲಕ ನಿಲ್ಲಿಸಿದಳು. ನಾಲ್ಕು ಗಂಟೆಗೆ ನೀನು ಬಂದು ಕೇಳಿದಾಗ ಬೀರು ಬಾಗಿಲು ತಗುಲಿತು ಅಂದಳು. ನೀನು ಸ್ಕೇಲು ತಂದು ಬೀರುವಿಗೆ ನಾಲ್ಕು ಬಾರಿಸಿ ಬಟ್ಟೆ ಕಟ್ಟಿದೆ. ಮೌನ ಹಿಡಿದಿದ್ದೆನಲ್ಲ, ನನಗೆ ಅದೇ ಅನುಕೂಲವಾಯಿತು. ಆಮೇಲೆ ಇಪ್ಪತ್ತೆರಡು ವರ್ಷ ನಾನು ಬೆಂಚಿನಿಂದ ಏಳಬೇಕಾಗಲೇ ಇಲ್ಲ.

ಈಗ ಹನ್ನೊಂದೂವರೆ. ಗಡಿಯಾರ ನಡೆಯುತ್ತಿದೆ. ಬಟ್ಟೆಯ ಏಳೂ ಗಂಟು ಬಿಚ್ಚಿ ಇದರ ಜೊತೆಗಿಟ್ಟಿದ್ದೇನೆ. ಬೀರು ಏನೂ ಮಾಡಿರಲಿಲ್ಲ.