ನಿಮ್ಮ ಒಂದು ನಿಮಿಷದ ಮೌನ ನಮಗೆ ಬೇಡ

ರಾಜ್ಯ ಪ್ರೌಢಶಾಲಾ ಕ್ರೀಡಾ ಸಂಘದ ಮಾನ್ಯ ಕಾರ್ಯದರ್ಶಿಗಳೇ,

ನವೆಂಬರ್ ಮೊದಲ ಶನಿವಾರ ನಡೆಯುವ ಹುಡುಗಿಯರ ಸಾಕರ್ ಫೈನಲ್‌ಗೆ ಮುಂಚೆ ನಮ್ಮ ಶಾಲೆಯ ತಂಡದ ಕೋಚ್ ಆಗಿದ್ದ ನನ್ನ ಹೆಂಡತಿ ಡಾರ್ಲೀನಳ ನೆನಪಿಗೆ ಒಂದು ನಿಮಿಷ ಮೌನ ಆಚರಿಸುತ್ತೀರಂತೆ. ಆಮೇಲೆ ಅವಳ ಹೆಸರು ಕೆತ್ತಿದ ಮರದ ಫಲಕವನ್ನು ನನ್ನ ಕೈಗೆ ಕೊಡುತ್ತೀರಂತೆ. ನಿಮ್ಮ ಪತ್ರ ತಲುಪಿದೆ. ನಾನು ಬರುವುದಿಲ್ಲ. ಕಳೆದ ವರ್ಷ ಇದೇ ಫೈನಲ್‌ನಲ್ಲಿ ಅವಳು ಮೈದಾನಕ್ಕೆ ಕಾಲಿಡದಂತೆ ತಡೆದವರು ನೀವು. ಅದು ಅವಳ ಕೊನೆಯ ಪಂದ್ಯವಾಯಿತು. ಅವಳು ಬರೆದ ಮೂರು ಪತ್ರಗಳಿಗೆ ನೀವು ಆಚರಿಸಿದ ಮೌನವೇ ಸಾಕಷ್ಟು ಉದ್ದವಿತ್ತು.

ನಾನು ಹೆಚ್ಚು ಓದಿದವನಲ್ಲ. ಶಾಲೆಯ ಬಸ್ಸು ಓಡಿಸುತ್ತೇನೆ, ಚಳಿಗಾಲದಲ್ಲಿ ಊರಿನ ರಸ್ತೆಗಳ ಹಿಮ ತೆಗೆಯುತ್ತೇನೆ. ದಿನವೂ ನಾಲ್ಕು ಸಾಲು ಬರೆದಿಡುವ ಅಭ್ಯಾಸ ಇದೆ. ಇಲ್ಲಿ ಹೇಳುವುದೆಲ್ಲ ಆ ಪುಸ್ತಕಗಳಲ್ಲಿದೆ.

ದೇಶದ ಭೂಪಟ ಬರೆಯುವ ಮಕ್ಕಳು ಮರೆತೇಬಿಡುವಷ್ಟು ಸಣ್ಣದು ನಮ್ಮ ರಾಜ್ಯ. ನಮ್ಮ ಶಾಲೆಯ ತಂಡದಲ್ಲಿ ಒಟ್ಟು ಹದಿನಾರು ಹುಡುಗಿಯರು. ಎಲ್ಲರಿಗೂ ಆಡಲು ಸಿಗಬೇಕು ಎಂದು ಡಾರ್ಲೀನ್ ಒಂದು ಪದ್ಧತಿ ಮಾಡಿದ್ದಳು. ದಣಿವಾದವರು ಮುಷ್ಟಿಯನ್ನು ತಲೆಯ ಮೇಲಿಟ್ಟುಕೊಂಡರೆ ಸಾಕು, ಬೇರೊಬ್ಬಳು ಒಳಗೆ ಹೋಗುತ್ತಾಳೆ. ಇವಳು ನೀರು ಕುಡಿದು ಐದು ನಿಮಿಷಕ್ಕೆ ಮತ್ತೆ ಒಳಗೆ. ನಿಮ್ಮ ನಿಯಮದ ಪುಸ್ತಕದ ಪ್ರಕಾರ ಹೊರಗೆ ಬಂದವರು ಎಷ್ಟು ಸಲ ಬೇಕಾದರೂ ಒಳಗೆ ಹೋಗಬಹುದು. ಒಳ್ಳೆಯ ನಿಯಮ, ಶಾಲೆಯ ಗೇಟಿನವರೆಗೆ.

ಹ್ಯಾಟಿ ಕಾಬರ್ನ್ ನಿಮಗೆ ನೆನಪಿರಬೇಕು. ಇಪ್ಪತ್ತು ವರ್ಷದಲ್ಲಿ ನಮ್ಮ ಊರಿನಿಂದ ಕಾಲೇಜು ತಂಡಕ್ಕೆ ಆಯ್ಕೆಯಾದ ಮೊದಲ ಹುಡುಗಿ. ದಕ್ಷಿಣದ ದೊಡ್ಡ ಕಾಲೇಜು, ಮೊದಲ ಪಂದ್ಯ, ಹತ್ತೊಂಬತ್ತನೆಯ ನಿಮಿಷ. ಉಸಿರು ಕಟ್ಟಿತು, ಅವಳ ಮುಷ್ಟಿ ತಾನಾಗಿ ತಲೆಯ ಮೇಲೆ ಹೋಯಿತು. ಪೆಟ್ಟಾಗಿದೆ ಎಂದುಕೊಂಡು ಅಲ್ಲಿನ ಕೋಚ್ ಅವಳನ್ನು ಹೊರಗೆ ಕರೆಸಿದರು. ಅವಳು ನೀರು ಕುಡಿದು, ಮುಖ ಒರೆಸಿಕೊಂಡು, ಮೈದಾನದ ಗೆರೆಯ ಪಕ್ಕ ಹೋಗಿ ಕಾಲು ಕುಣಿಸುತ್ತ ನಿಂತಳು.

"ಎಲ್ಲಿಗೆ ಹೊರಟೆ?" ಎಂದು ಕೋಚ್ ಕೇಳಿದರಂತೆ.

"ಒಳಗೆ."

"ಒಳಗೆಲ್ಲಿಗಮ್ಮಾ? ಈ ಅರ್ಧದಲ್ಲಿ ನಿನ್ನ ಆಟ ಮುಗೀತು. ಹೋಗಿ ಕೂತ್ಕೋ."

ಬೆಂಚಿನಲ್ಲಿದ್ದವರು ನಕ್ಕರು. "ಇವಳ ರಾಜ್ಯದಲ್ಲಿ ಸಾಕರ್ ಅಲ್ಲ ಕಣ್ರೇ, ಕುರ್ಚಿ ಆಟ ಆಡ್ತಾರೆ" ಎಂದಳಂತೆ ಒಬ್ಬಳು. ಕಾಲೇಜಿನಲ್ಲಿ ಮೊದಲರ್ಧದಲ್ಲಿ ಹೊರಬಂದವರು ಆ ಅರ್ಧ ಮುಗಿಯುವವರೆಗೆ ಮತ್ತೆ ಒಳಗೆ ಹೋಗುವಂತಿಲ್ಲ. ಆಟವೂ ನಮ್ಮ ಹಾಗೆ ಎಂಬತ್ತು ನಿಮಿಷವಲ್ಲ, ತೊಂಬತ್ತು. ಅಂದಿನಿಂದ ಅವಳಿಗೆ 'ಕುರ್ಚಿ' ಎಂದೇ ಹೆಸರು ಬಿತ್ತು. ಎರಡನೆಯ ವರ್ಷ ತಂಡವನ್ನೂ ಕಾಲೇಜನ್ನೂ ಬಿಟ್ಟು ಊರಿಗೆ ಬಂದಳು. ಈಗ ಇಲ್ಲಿನ ಚೀಸ್ ಕಾರ್ಖಾನೆಯಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಾಳೆ. ಅದೇ ವರ್ಷ ನಿಮ್ಮ ಕಚೇರಿ 'ಕಾಲೇಜು ಆಟಕ್ಕೆ ಸಜ್ಜಾಗಿ' ಎಂಬ ಬಣ್ಣದ ಪುಸ್ತಿಕೆ ಹಂಚಿತು. ಮುಖಪುಟದಲ್ಲಿ ಹ್ಯಾಟಿಯ ಚಿತ್ರ! ಒಳಗೆ ಚೆನ್ನಾಗಿ ನಿದ್ದೆ ಮಾಡಿ, ಹಣ್ಣು ತಿನ್ನಿ, ನಿಮ್ಮ ಮೇಲೆ ನಿಮಗೆ ನಂಬಿಕೆ ಇರಲಿ ಎಂಬ ಉಪದೇಶ. ನಿದ್ದೆ ಮಾಡುವುದು ಹೇಗೆಂದು ನಿಮ್ಮಿಂದ ಕಲಿಯಬೇಕು ಸ್ವಾಮಿ, ಅದನ್ನು ಒಪ್ಪುತ್ತೇನೆ.

ಆ ಮೊದಲ ಪಂದ್ಯದ ರಾತ್ರಿ ಹ್ಯಾಟಿ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಕೋಚ್, ನೀವ್ಯಾಕೆ ನನಗೆ ಕೈ ಎತ್ತೋದು ಕಲಿಸಿದ್ರಿ?" ಡಾರ್ಲೀನ್ ಫೋನ್ ಇಟ್ಟು ಅಡುಗೆಮನೆಯಲ್ಲೇ ಕೂತಳು.

"ಕಾಲೇಜಿನ ನಿಯಮ ಹೇಳಿಕೊಟ್ಟಿದ್ದೆ ಅಲ್ವಾ ನೀನು?" ಎಂದೆ.

"ಹೇಳಿದ್ದೆ ಕಣೋ ವೆಂಡೆಲ್. ಕಿವಿಗೆ ಹೇಳಿದ್ದೆ. ಕಾಲಿಗೆ, ಕೈಗೆ ಕಲಿಸಿದ್ದು ಬೇರೆ."

ಅವತ್ತಿನಿಂದ ಅವಳು ನಿಮಗೆ ಬರೆಯತೊಡಗಿದಳು. ವರ್ಷಕ್ಕೆ ಒಂದು ಪತ್ರ, ಮೂರರಲ್ಲೂ ಒಂದೇ ಬೇಡಿಕೆ: ಋತುವಿಗೆ ಒಂದು ಪಂದ್ಯವನ್ನು ಕಾಲೇಜು ನಿಯಮದಂತೆ ಆಡಲು ಬಿಡಿ. ಹುಡುಗಿಯರನ್ನು ಹೊರಗೆ ಕರೆಯದೆ ಆಡಿಸಲು ಕೋಚ್‌ಗೆ ಯಾರಾದರೂ ತಡೆದಿದ್ದಾರೆಯೇ ಎಂದು ನೀವು ಕೇಳಬಹುದು. ಯಾರೂ ತಡೆದಿಲ್ಲ. ಆದರೆ ಬಾಗಿಲು ತೆರೆದಿದೆ ಎಂದು ಗೊತ್ತಿರುವ ಹುಡುಗಿ ಒಂದು ರೀತಿ ಓಡುತ್ತಾಳೆ, ಚಿಲಕ ರೆಫರಿಯ ಕೈಯಲ್ಲಿದೆ ಎಂದು ಗೊತ್ತಿರುವವಳು ಇನ್ನೊಂದು ರೀತಿ ಓಡುತ್ತಾಳೆ. ಉಸಿರನ್ನು ಉಳಿಸಿಕೊಳ್ಳುವುದು, ಓಡಬೇಕಾದಲ್ಲಿ ಮಾತ್ರ ಓಡುವುದು, ದಣಿದ ಮೇಲೂ ಆಡುವುದು, ಇವೆಲ್ಲ ಚಿಲಕ ಬಿದ್ದ ಮೇಲೆ ಬರುವ ಪಾಠ. ದೊಡ್ಡ ರಾಜ್ಯಗಳ ಮಕ್ಕಳಿಗೆ ಇದನ್ನು ಕಲಿಸಲು ಊರಿಗೆ ನಾಲ್ಕು ಕ್ಲಬ್ಬುಗಳಿವೆ. ನಮ್ಮವರಿಗೆ ಶಾಲೆ ಬಿಟ್ಟರೆ ಏನಿದೆ?

ಮೂರನೆಯ ಪತ್ರಕ್ಕೂ ಉತ್ತರ ಬರದಿದ್ದಾಗ, ಕಳೆದ ಅಕ್ಟೋಬರಿನಲ್ಲಿ ಪಕ್ಕದ ಊರಿನ ಕೋಚ್ ಜೊತೆ ಮಾತಾಡಿಕೊಂಡು, ರೆಫರಿಯನ್ನೂ ಒಪ್ಪಿಸಿ, ಒಂದು ಪಂದ್ಯವನ್ನು ತೊಂಬತ್ತು ನಿಮಿಷ ಆಡಿಸಿದಳು. ಮೊದಲರ್ಧದಲ್ಲಿ ಹೊರಗೆ ಬಂದವರಿಗೆ ಆ ಅರ್ಧ ಮುಗಿಯುವವರೆಗೆ ಒಳಗೆ ದಾರಿಯಿಲ್ಲ. ಯಾರಿಗೂ ಏಟಾಗಲಿಲ್ಲ, ಯಾರೂ ದೂರು ಹೇಳಲಿಲ್ಲ. ಆಗ ಮಾತ್ರ ನಿಮ್ಮ ಕಚೇರಿಗೆ ಎಚ್ಚರವಾಯಿತು. ಮೂರು ವರ್ಷ ಒಂದು ಸಾಲಿನ ಉತ್ತರ ಬರೆಯದವರು ನಾಲ್ಕು ದಿನದಲ್ಲಿ ಎರಡು ಹಾಳೆಯ ಆದೇಶ ಬರೆದಿರಿ. ಆ ಪಂದ್ಯ ರದ್ದು. ಸೆಮಿಫೈನಲ್ ಮತ್ತು ಫೈನಲ್‌ಗೆ ಕೋಚ್ ಮೈದಾನದ ಕಣ್ಣಳತೆಯಲ್ಲಿ ಇರಕೂಡದು.

ಫೈನಲ್ ದಿನ ಅವಳು ನನ್ನ ಬಸ್ಸಿನಲ್ಲಿ ಕೂತಿದ್ದಳು. ಹೊಟ್ಟೆ ನೋವು ಎಂದು ಮಡಿಲಲ್ಲಿ ಬಿಸಿನೀರಿನ ಚೀಲ. ಹಳದಿ ಅಂಗಿಯ ನಿಮ್ಮ ಮನುಷ್ಯ ಬಂದು ಕಿಟಕಿ ತಟ್ಟಿದ.

"ಅಮ್ಮಾ, ಇಲ್ಲಿಂದ ಗೋಲಿನ ಕಂಬ ಕಾಣ್ಸತ್ತೆ. ಬಸ್ಸು ಹಿಂದಕ್ಕೆ ತಗೋಬೇಕು."

"ಕಂಬ ಗೋಲ್ ಹೊಡೆಯಲ್ಲ ಕಣಪ್ಪಾ," ಎಂದಳು ಡಾರ್ಲೀನ್.

"ನಾನೇನ್ಮಾಡ್ಲಿ? ನನಗೆ ಹೇಳಿದಷ್ಟು ನಾನು ಹೇಳ್ತಿದ್ದೀನಿ."

"ತಗೊಳ್ಳೋ ವೆಂಡೆಲ್. ಪಾಪ, ಅವನ ಮೇಲೆ ಯಾಕೆ ಸಿಟ್ಟು," ಎಂದಳು ನನ್ನ ಮುಖ ನೋಡಿ.

ನಾನು ಹಿಂದಕ್ಕೆ ತೆಗೆದೆ. ಕಂಬ ಮರೆಯಾಯಿತು. ಉಳಿದ ಆಟವನ್ನು ಅವಳು ಜನರ ಕೂಗಿನಲ್ಲೇ ನೋಡಿದಳು. "ಇದು ನಮ್ಮದಲ್ಲ," ಎಂದಳು ಒಮ್ಮೆ. ಅದು ನಮ್ಮ ಮೇಲೆ ಬಿದ್ದ ಗೋಲು.

ಆಟ ಮುಗಿದ ಮೇಲೆ ಮೊದಲು ಬಸ್ಸು ಹತ್ತಿದವಳು ಜೋಸಿ, ಹ್ಯಾಟಿಯ ತಂಗಿ. ಮೊಣಕಾಲೆಲ್ಲ ಕೆಸರು.

"ಕೋಚ್, ನಾನು ಕೈ ಎತ್ತಲಿಲ್ಲ. ಒಂದ್ಸಲಾನೂ ಎತ್ತಲಿಲ್ಲ."

"ಸೋತ್ರಾ?"

"ಸೋತ್ವಿ. ಆದ್ರೆ ಕೈ ಎತ್ತಲಿಲ್ಲ."

"ಹಾಗಿದ್ರೆ ಬಾ, ಪಕ್ಕ ಕೂತ್ಕೋ. ನನ್ನ ಸ್ಯಾಂಡ್‌ವಿಚ್ ಅರ್ಧ ಇದೆ, ತಿನ್ನು."

ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರ ವೈದ್ಯರು ಆ ಹೊಟ್ಟೆನೋವಿನ ಹೆಸರು ಹೇಳಿದರು. ಫೆಬ್ರವರಿಯ ಒಂದು ಮಧ್ಯಾಹ್ನ ನಾನು ಸೂಪು ಕುಡಿಸುತ್ತಿದ್ದೆ. ಅವಳು ನಿಧಾನವಾಗಿ ಮುಷ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡಳು. ತಮಾಷೆ ಎಂದುಕೊಂಡು ನಕ್ಕೆ. ಚಮಚ ಕೆಳಗಿಟ್ಟೆ. ನಿಮ್ಮ ಪುಸ್ತಕದ ಪ್ರಕಾರ ಹೊರಗೆ ಹೋದವರು ಎಷ್ಟು ಸಲ ಬೇಕಾದರೂ ಒಳಗೆ ಬರಬಹುದಲ್ಲವೇ ಕಾರ್ಯದರ್ಶಿಗಳೇ? ಅವಳು ಬರಲಿಲ್ಲ.

ಜೋಸಿಗೆ ಇದು ಶಾಲೆಯ ಕೊನೆಯ ವರ್ಷ. ಅಕ್ಕ ಹೋಗಿದ್ದ ಅದೇ ಕಾಲೇಜು ಇವಳನ್ನೂ ಕರೆದಿದೆ. ಮುಂದಿನ ಆಗಸ್ಟ್‌ನಲ್ಲಿ ಹೊರಡುತ್ತಾಳೆ. ಕಳೆದ ಅಕ್ಟೋಬರಿನ ಆ ಒಂದು ಪಂದ್ಯ ಬಿಟ್ಟರೆ ಅವಳು ತೊಂಬತ್ತು ನಿಮಿಷ ಆಡಿದ್ದೇ ಇಲ್ಲ. ನಿಮ್ಮ ದಾಖಲೆಯಲ್ಲಿ ಅದೂ ನಡೆದಿಲ್ಲ. ಹೊಸ ಕೋಚ್ ಇಪ್ಪತ್ತಾರರ ಹುಡುಗಿ. ನಿಮ್ಮ ಆದೇಶ ಓದಿದ್ದಾಳೆ, ಹೆದರಿದ್ದಾಳೆ. ಜೋಸಿಯ ಮುಷ್ಟಿ ಮತ್ತೆ ತಲೆಯ ಕಡೆ ಹೋಗಲು ಶುರುವಾಗಿದೆ. ಬಸ್ಸಿನ ಸೀಟಿನಿಂದ ನನಗೆ ಕಾಣುತ್ತದೆ.

ಆದ್ದರಿಂದ ಫಲಕ ನಿಮ್ಮಲ್ಲೇ ಇರಲಿ. ಆ ಒಂದು ನಿಮಿಷವನ್ನೂ ಇಟ್ಟುಕೊಳ್ಳಿ. ಬದಲಿಗೆ ತೊಂಬತ್ತು ನಿಮಿಷ ಕೊಡಿ. ಈ ಅಕ್ಟೋಬರ್ ಮುಗಿಯುವುದರೊಳಗೆ ರಾಜ್ಯದ ಪ್ರತಿ ಶಾಲೆಗೂ ಕಾಲೇಜು ನಿಯಮದ ಒಂದು ಪಂದ್ಯ, ರೆಫರಿಯ ಶಿಳ್ಳೆಯೊಂದಿಗೆ, ದಾಖಲೆಗೆ ಸೇರುವಂತೆ. ಅವತ್ತು ಯಾರೂ ಮೌನವಾಗಿರುವುದು ಬೇಡ. ಬಸ್ಸನ್ನು ನಾನು ಬೇಲಿಯ ಪಕ್ಕದಲ್ಲೇ, ಕಂಬ ಕಾಣುವ ಕಡೆ ನಿಲ್ಲಿಸುತ್ತೇನೆ. ಈ ಸಲ ಯಾರು ಬಂದು ಕಿಟಕಿ ತಟ್ಟಿದರೂ ಹಿಂದಕ್ಕೆ ತೆಗೆಯುವುದಿಲ್ಲ.

ಇಂತಿ,
ಕಳೆದ ವರ್ಷ ಹೇಳಿದ ತಕ್ಷಣ ಬಸ್ಸನ್ನು ಹಿಂದಕ್ಕೆ ತೆಗೆದ ಚಾಲಕ,
ವೆಂಡೆಲ್ ಪೆಲ್ಟಿಯರ್