ಸದ್ದಿಲ್ಲದ ನೆಲಕ್ಕೆ ಸಹಿ ಹಾಕುವ ಮೊದಲು

ಹುಬ್ಬಳ್ಳಿ,
ಫೆಬ್ರುವರಿ 30, 2219

ಇನ್ನೂರು ವರ್ಷಗಳ ಹಿಂದೆ ಈ ಮನೆಯಲ್ಲಿ ವಾಸವಿದ್ದವರಿಗೆ,

ದಿನಾಂಕ ತಪ್ಪಾಗಿಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ದಿನಗಳು ವರ್ಷದ ಕೊನೆಗೆ ರಜೆ. ನನ್ನ ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ಕಾಲೇಜಿನಲ್ಲಿ ಓದಿದ್ದೇನೆ, ಆದರೆ ಅದರಲ್ಲಿ ಪತ್ರ ಬರೆಯುತ್ತಿರುವುದು ಇದೇ ಮೊದಲು.

ಇಂದು ಬೆಳಿಗ್ಗೆ ನೆಲ ಒರೆಸುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ನೀವು ಹಾಕಿಸಿದ ಹಲಗೆಗಳಲ್ಲಿ ಪ್ರತಿ ಏಳನೆಯದರಲ್ಲೂ ಮರದ ಅದೇ ಗಂಟು, ಅದೇ ಜಾಗದಲ್ಲಿ ಇದೆ. ಯಾವ ಮರವೂ ಹಾಗೆ ಬೆಳೆಯುವುದಿಲ್ಲ. ಹಳೆಯ ಕಡತ ತೆರೆದಾಗ ‘ಲ್ಯಾಮಿನೇಟ್’ ಎಂಬ ಶಬ್ದ ಸಿಕ್ಕಿತು: ಮರದ ಹುಡಿ ಒತ್ತಿ ಮಾಡಿದ ಹಲಗೆ, ಮೇಲೆ ಮರದ ಚಿತ್ರ. ಹತ್ತು ವರ್ಷಕ್ಕೊಮ್ಮೆ ಮರುಲೇಪ, ಅಂದರೆ ಗಾಜಿನಂಥ ತೆಳುಪದರ, ಹಚ್ಚಿಸಿದ್ದರಿಂದ ಅದು ಇಷ್ಟು ಕಾಲ ಬಾಳಿದೆ. ನಾವು ಅದನ್ನು ಮರವೆಂದೇ ನಂಬಿ ಪ್ರತಿ ದೀಪಾವಳಿಗೆ ಎಣ್ಣೆ ತಿಕ್ಕುತ್ತಿದ್ದೆವು. ಕಳೆದ ಸಲ ತಿಕ್ಕಿದವಳು ನಾನು. ಎರಡು ದಿನಗಳ ನಂತರ ಆಯಿ, ಅಂದರೆ ಅಪ್ಪನ ತಾಯಿ, ಅದರ ಮೇಲೆ ಜಾರಿ ಸೊಂಟ ಮುರಿದುಕೊಂಡರು. ಎಣ್ಣೆ ಹೀರದ ಚಿತ್ರಕ್ಕೆ ಎಣ್ಣೆ ಹಚ್ಚಿದ್ದೆನೆಂದು ಇನ್ನೂ ಯಾರಿಗೂ ಹೇಳಿಲ್ಲ.

ಈಗ ಹಲಗೆಗಳ ಅಂಚು ಉಬ್ಬಿದೆ, ನೆಲ ಬದಲಿಸಲೇಬೇಕು. ನಮ್ಮಲ್ಲಿ ಒಂದು ಪದ್ಧತಿಯಿದೆ: ನೆಲದ ಮೇಲೆ ಹೆಚ್ಚು ಕಾಲ ನಡೆಯಬೇಕಾದವರು ಮನೆಯ ಕಿರಿಯರು, ಆದ್ದರಿಂದ ಆರಿಸುವವರೂ ಅವರೇ. ಈ ಮನೆಯಲ್ಲಿ ಕಿರಿಯಳು ನಾನು. ಹಿರಿಯರು ಅಭಿಪ್ರಾಯ ಹೇಳುವಂತಿಲ್ಲ. ಅಪ್ಪನ ಅಕ್ಕ ಶಾಂಭವತ್ತೆ ಶಹಾಬಾದಿ ಫರಸಿಕಲ್ಲಿನ ಮಾದರಿ ತುಂಡಿಗೆ ಕೆನ್ನೆಯಿಟ್ಟು, “ನಾ ಏನೂ ಅನ್ನಂಗಿಲ್ಲವಾ. ಆದ್ರ ಬ್ಯಾಸಗ್ಯಾಗ ಕಲ್ಲಿನ ಮ್ಯಾಲ ಮಲಗೋ ಸುಖಾನ ಬ್ಯಾರೆ,” ಎನ್ನುತ್ತಾರೆ. “ಅಕ್ಕಾ, ನೀ ಏನೂ ಅಂದಂಗಾಗಲಿಲ್ಲ ಬಿಡು,” ಎಂದು ಚುಚ್ಚುವ ಅಪ್ಪ, ಪಕ್ಕದ ಮನೆಯ ಅಣಬೆಹಾಸನ್ನು ದಿನಕ್ಕೆ ನಾಲ್ಕು ಸಲ ಹೊಗಳುತ್ತಾನೆ. ಅದು ಅಣಬೆಯ ಎಳೆಗಳಿಂದ ಬೆಳೆಸಿದ ಮೆತ್ತನೆಯ ನೆಲ. ಬಿದ್ದರೂ ಮೂಳೆ ಮುರಿಯದು. ನಡೆದರೆ ಸದ್ದೂ ಆಗದು.

ನನ್ನ ಗೊಂದಲವೆಲ್ಲ ಆ ಸದ್ದಿನದು. ಆಯಿಗೆ ಕಣ್ಣು ಕಾಣುವುದಿಲ್ಲ. ಟೊಳ್ಳು ಹಲಗೆಯ ಮೇಲೆ ಬೀಳುವ ಹೆಜ್ಜೆಯಿಂದಲೇ ಅವರು ನಮ್ಮನ್ನು ಗುರುತಿಸುತ್ತಾರೆ. ನಿನ್ನೆ ನಾನು ಚಹಾ ಒಯ್ದಾಗ, “ನೀಲಾ, ನೀ ಅಂತೂ ಬಾಯಿ ಬಿಡಂಗಿಲ್ಲ. ಹಲಗಿ ಟಕ್ ಅಂತೈತಿ, ನನ್ನ ಮೊಮ್ಮಗಳು ಬಂದ್ಲು ಅಂತ ತಿಳ್ಕೋತೀನಿ,” ಎಂದು ನಕ್ಕರು. ಹೊಸ ಲ್ಯಾಮಿನೇಟ್ ಹಾಕಿಸಿದರೆ ಆ ಸದ್ದು ಉಳಿಯುತ್ತದೆ, ಬೀಳುವ ಭಯವೂ ಉಳಿಯುತ್ತದೆ. ಫರಸಿ, ಟೈಲ್ಸ್ ಒದ್ದೆಯಾದರೆ ಮತ್ತೆ ಜಾರಿಕೆ. ಅಣಬೆಹಾಸಾದರೆ ಆಯಿ ಧೈರ್ಯವಾಗಿ ನಡೆಯಬಹುದು, ಆದರೆ ಮನೆ ತುಂಬ ಜನರಿದ್ದರೂ ಅವರ ಪಾಲಿಗೆ ಯಾರೂ ಇಲ್ಲದಂತಾಗುತ್ತದೆ. ಮಾದರಿ ತುಂಡುಗಳ ಮೇಲೆ ಬರಿಗಾಲಲ್ಲಿ ಒಂದೊಂದಾಗಿ ನಿಂತು ನೋಡಿದೆ. ಕಾಲಿಗೆ ಎಲ್ಲವೂ ಸರಿಯೆನಿಸಿ ಇನ್ನಷ್ಟು ಗೊಂದಲವಾಯಿತು. ನೀವು ಹೇಗೆ ಆರಿಸಿದಿರಿ? ಬಣ್ಣ ನೋಡಿಯೋ, ಯಾರದಾದರೂ ಕಾಲು ನೆನೆದೋ? ಉತ್ತರ ಬಾರದೆಂದು ಗೊತ್ತು. ಆದರೂ ಕೇಳದೆ ಇರಲಾಗಲಿಲ್ಲ.

ಸಂಜೆ ಅಣಬೆಹಾಸಿನ ಕರಾರಿಗೇ ಸಹಿ ಹಾಕುತ್ತೇನೆ. ಮೊದಲು ಎಣ್ಣೆಯ ವಿಷಯವನ್ನು ಆಯಿಗೆ ಹೇಳಿಬಿಡುತ್ತೇನೆ. ನಾಳೆಯಿಂದ ಅವರ ಕೋಣೆಯ ಬಾಗಿಲಲ್ಲಿ ನಿಂತು, ಎಷ್ಟೇ ನಾಚಿಕೆಯಾದರೂ, “ಆಯಿ, ನಾ ನೀಲಾ, ಬಂದೀನಿ,” ಎಂದು ಗಟ್ಟಿಯಾಗಿ ಹೇಳುತ್ತೇನೆ.

ನೀಲಾಂಬಿಕೆ